ತಗಡಿನ ಆನೆಯ ದಾಹ

ಚಕ್ರಗಳಿಗೆ ನಾಲಿಗೆ ಇದ್ದ ಕಾಲದಲ್ಲಿ, ಒಂದು ಮನೆಯ ಶೆಡ್ಡಿನಲ್ಲಿ ತಗಡಿನ ಆನೆಯೊಂದು ಇತ್ತಂತೆ. ಅದಕ್ಕೆ ವಿಪರೀತ ದಾಹ. ಎಷ್ಟು ಕುಡಿದರೂ ಸಾಲದು. ಗುಡ್ಡದ ಅರ್ಧ ದಾರಿ ಏರುವಷ್ಟರಲ್ಲಿ ಮೂಗಿನಿಂದ ಬುಸುಬುಸು ಆವಿ ಬಿಟ್ಟು ಕೂತುಬಿಡುತ್ತಿತ್ತು. ಗುಡ್ಡದ ತುದಿಯಲ್ಲಿ ಮನೆಯೊಡತಿಯ ತಂಗಿ ಇದ್ದಳು. "ಒಂದಲ್ಲ ಒಂದು ದಿನ ಇದರ ಮೇಲೆ ಕೂತೇ ನಿನ್ನ ಬಾಗಿಲಿಗೆ ಬರ್ತೀನಿ" ಎಂದು ಒಡತಿ ತಂಗಿಗೆ ಮಾತು ಕೊಟ್ಟಿದ್ದಳಂತೆ.

ಈ ಕಥೆಯನ್ನೇ ಹೊದ್ದು ಮಲಗಿ ಬೆಳೆದ ಮೊಮ್ಮಗಳಿಗೆ ಆ ಆನೆ ಅಜ್ಜನ ಹಳೇ ಕಾರೆಂದು ಈಗ ಗೊತ್ತು. ಒಡತಿ ತನ್ನ ಅಜ್ಜಿಯೆಂದೂ ಗೊತ್ತು. ಗೊತ್ತಿಲ್ಲದ್ದು ಒಂದೇ. ರೇಡಿಯೇಟರ್ ತೊಳೆದುಕೊಡುತ್ತೇನೆಂದು ಅಜ್ಜಿಗೆ ಆಣೆ ಮಾಡಿದ್ದ ಅಪ್ಪನೆಂಬ ಮಹಾನುಭಾವನಿಗೆ ಬಿಡುವಾಗುವ ವಾರ ಯಾವ ಕ್ಯಾಲೆಂಡರಿನಲ್ಲಿದೆ ಎಂಬುದು.

ಈ ಸಲ ಮುಂದೂಡಲು ಜಾಗವೇ ಇರಲಿಲ್ಲ. ಅಜ್ಜಿಯ ಆ ತಂಗಿ, ಅಂದರೆ ಚಿಕ್ಕಜ್ಜಿಯನ್ನು, ಅವಳ ಮಗಳು ಸೋಮವಾರ ದೂರದ ತನ್ನೂರಿಗೆ ಕರೆದೊಯ್ಯುವವಳಿದ್ದಳು. ಗುಡ್ಡದ ಮನೆಗೆ ಬೀಗ. ಮಂಡಿನೋವಿನ ಚಿಕ್ಕಜ್ಜಿ ಕೆಳಗಿಳಿಯುವಂತಿಲ್ಲ. ಬೇರೆ ಗಾಡಿಯಲ್ಲಿ ಹೋಗೋಣವೆಂದರೆ ಅಜ್ಜಿ ಜಪ್ಪಯ್ಯ ಅಂದರೂ ಒಪ್ಪುತ್ತಿರಲಿಲ್ಲ. "ಅದು ಕಾರಲ್ಲ ಕಣೇ, ಒಲೆ ಮೇಲಿನ ಪಾತ್ರೆ" ಎಂದು ತಂಗಿ ಫೋನಿನಲ್ಲಿ ನಕ್ಕದ್ದು ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

ಶನಿವಾರ ಬೆಳಗ್ಗೆ ಅಪ್ಪ ಶೆಡ್ಡಿನ ಎದುರೇ ಕುರ್ಚಿ ಹಾಕಿಕೊಂಡು, ಪೇಪರಿನ ಹಿಂದೆ ಅಡಗಿದ್ದ.

"ಅಪ್ಪಾ, ಏಳ್ತೀಯಾ?"

"ಮುಂದಿನ ವಾರ ಮಾಡಿದ್ರಾಯ್ತು ಬಿಡೇ. ಬಿಸಿಲು ನೋಡು."

"ಮುಂದಿನ ವಾರ ಗುಡ್ಡ ಹತ್ತಿ ಯಾರನ್ನ ಮಾತಾಡಿಸ್ಲಿ, ಬೀಗಾನಾ?"

"ಅದೇನು ಮೂಗಿನ ತುದೀಲೇ ಕೋಪ ನಿಂದು!"

"ನಿನಗೆ ಎಲ್ಲೂ ಬರಲ್ವಲ್ಲ, ನಿನ್ನ ಪಾಲಿಂದೂ ನನಗೇ ಬಂದಿದೆ."

ಅವಳು ನಟ್ಟು ಬಿಚ್ಚುವ ಪಾನಾ ತೆಗೆದುಕೊಂಡು ನೆಲಕ್ಕೆ ಕೂತಳು. ಕಾರಿನೊಳಗಿದ್ದ ಹಳೇ ಕೈಪಿಡಿಯನ್ನು ಕಥೆಪುಸ್ತಕದಂತೆ ಓದಿ ಬಾಯಿಪಾಠ ಮಾಡಿದ್ದಳು. ಇಂಜಿನ್ ತಣ್ಣಗಿದೆಯೇ ಎಂದು ಮುಟ್ಟಿ ನೋಡಿ, ಕಾರಿನ ಮೂಗಿನ ಮೇಲೆಯೇ ಇದ್ದ ರೇಡಿಯೇಟರಿನ ಮುಚ್ಚಳ ತೆಗೆದಳು. ಕೆಳಗೆ ಬಾಂಡಲಿಯಿಟ್ಟು, ಬುಡದ ಪುಟ್ಟ ನಲ್ಲಿ ತಿರುಗಿಸಿದಳು. ಏನೂ ಬರಲಿಲ್ಲ. ಒಂದು ಹನಿ ಇಣುಕಿ, ಮನಸ್ಸು ಬದಲಾಯಿಸಿ ಅಲ್ಲೇ ನೇತಾಡಿತು.

ಹಲ್ಲು ಕಚ್ಚಿ ತಂತಿ ತೂರಿಸಿ ತಿವಿದಳು. ಗಳಗಳನೆ ಸುರಿಯಿತು ನೋಡಿ! ನೀರಲ್ಲ, ತುಕ್ಕಿನ ಗಂಜಿ. ಅದರ ಹಿಂದೆಯೇ ಮೊಟ್ಟೆಯ ಚಿಪ್ಪಿನಂಥ ಬಿಳಿ ಚೂರುಗಳು ಉದುರಿದವು.

"ಇದನ್ನ ಹೊಟ್ಟೇಲಿ ಇಟ್ಕೊಂಡು ಗುಡ್ಡ ಹತ್ತು ಅಂತೀರಲ್ಲ, ನಾಚಿಕೆ ಆಗಲ್ವಾ ನಿಮಗೆಲ್ಲ?"

ಪೇಪರು ಸ್ವಲ್ಪ ಕೆಳಗಿಳಿಯಿತು.

ಕೆಳಗಿನ ರಬ್ಬರ್ ಪೈಪಿನ ಪಟ್ಟಿ ಸಡಿಲವಾಗಿತ್ತು. ಅಲ್ಲಿಂದ ಜಿನುಗಿದ ನೀರು ಒಣಗಿ ಒಣಗಿ ಬೆಳ್ಳಗೆ ಗೆರೆ ಬಿದ್ದಿತ್ತು. "ನೋಡು! ವರ್ಷಗಳಿಂದ ಸೋರ್ತಾ ಇದೆ. ಒಂದು ಸ್ಕ್ರೂ ಬಿಗಿ ಮಾಡಿದ್ರೆ ಮುಗೀತಿತ್ತು."

"ಸೋರಿದ್ರೆ ನೀರು ಕಮ್ಮಿ ಆಗ್ಬೇಕಿತ್ತಲ್ಲ?" ಅಪ್ಪನಿಗೂ ಈಗ ರೇಗಿತು. "ನಾನು ಮುಚ್ಚಳ ತೆಗೆದು ನೋಡಿದಾಗಲೆಲ್ಲ ತುಂಬೇ ಇತ್ತು. ಸೋರ್ತಿದೆ ಅಂತ ನನಗೇನು ಕನಸು ಬೀಳುತ್ತಾ?"

ಇಬ್ಬರೂ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುತ್ತಿರುವಾಗಲೇ ಹಿತ್ತಲ ಬಾಗಿಲಿಂದ ಅಜ್ಜಿ ಬಂದಳು. ಕೈಯಲ್ಲಿ ಚೊಂಬು. ಇವರ ಕಡೆ ನೋಡದೆ, ಅಭ್ಯಾಸಬಲದಂತೆ ನೇರವಾಗಿ ಕಾರಿನ ಮೂಗಿನತ್ತ ನಡೆದು ಚೊಂಬನ್ನು ಬಗ್ಗಿಸಿದಳು. ಸುರಿದ ನೀರು ತೆರೆದಿದ್ದ ನಲ್ಲಿಯಿಂದ ಸೀದಾ ಮೊಮ್ಮಗಳ ಪಾದದ ಮೇಲೆ ಹರಿಯಿತು.

"ಅಜ್ಜೀ! ಏನು ಮಾಡ್ತಿದೀಯಾ?"

"ದಾಹ ಆಗುತ್ತಲ್ಲೇ ಅದಕ್ಕೆ. ದಿನಾ ಒಂದು ಚೊಂಬು ಹಾಕ್ತೀನಿ."

"ದಿನಾನಾ?"

"ಇನ್ನೇನು, ನೀವು ಹಾಕ್ತೀರಾ?"

ಮೊಮ್ಮಗಳು ಚೊಂಬು ಕಿತ್ತುಕೊಂಡು ಒಳಗೆ ಬೆರಳಾಡಿಸಿದಳು. ಬುಡದಲ್ಲಿ ಅದೇ ಬಿಳಿ ಚಿಪ್ಪು. ಆ ಮನೆಯ ಗಡಸು ನೀರಿಗೆ ಬಕೆಟ್ಟು, ಹಂಡೆ ಎಲ್ಲವೂ ಹಾಗೇ ಬೆಳ್ಳಗೆ ಗಟ್ಟಿಕಟ್ಟುತ್ತಿದ್ದವು. ಆ ನೀರನ್ನೇ ದಿನಾ ಕುಡಿದು ಕುಡಿದು ಕಾರಿನ ನರಗಳೆಲ್ಲ ಕಲ್ಲಾಗಿದ್ದವು. ಜೊತೆಗೆ, ಸೋರಿಕೆ ಯಾರ ಕಣ್ಣಿಗೂ ಬೀಳದಂತೆ ಚೊಂಬು ಅದನ್ನು ಮುಚ್ಚಿಟ್ಟಿತ್ತು.

"ನಿನ್ನ ಕಥೇನೇ ಇದರ ಕತ್ತು ಹಿಸುಕಿದ್ದು ಅಜ್ಜೀ! ದಾಹವಂತೆ, ಆನೆಯಂತೆ!"

ಆಡಿದ ಮೇಲೆ ಅವಳಿಗೇ ಮಾತು ಹೆಚ್ಚಾಯಿತು ಅನ್ನಿಸಿತು. ಆದರೆ ಅಜ್ಜಿ ಅಳುವ ಪೈಕಿ ಅಲ್ಲ.

"ಹೌದೇ, ನಾನೇ ಮಾಡಿದ್ದು! ನಿಮ್ಮಪ್ಪ ಕುರ್ಚಿ ಬಿಟ್ಟು ಏಳಲಿಲ್ಲ. ನೀನು ಆ ಪುಸ್ತಕ ಎದೆ ಮೇಲಿಟ್ಕೊಂಡು ಸೂರು ನೋಡ್ತಾ ಮಲಗಿದ್ದೆ. ನನಗೆ ಗೊತ್ತಿದ್ದಿದ್ದು ನೀರು ಹಾಕೋದೊಂದೇ, ಹಾಕ್ದೆ. ತಪ್ಪಾದ್ರೂ ಮಾಡಿದೆನಲ್ಲ, ನೀವು ಅದನ್ನೂ ಮಾಡಲಿಲ್ಲ!"

ಅಪ್ಪ ಪೇಪರನ್ನು ಮಡಚಿದ, ಇನ್ನೂ ಚಿಕ್ಕದಾಗಿ ಮಡಚಿದ, ಕೊನೆಗೆ ಕುರ್ಚಿಯ ಕೆಳಗೆ ಎಸೆದ. ಅಂಗಿಯ ತೋಳು ಮಡಿಸಿ, "ಸರಿ, ಪಾನಾ ಕೊಡು" ಎಂದ.

"ಬೇಡ. ಪೈಪ್ ಹಿಡ್ಕೋ."

ಸಿಟ್ಟು ಇಳಿಯದೆಯೇ ಮೂವರೂ ದುಡಿದರು. ಬಿಳಿ ಚಿಪ್ಪು ಬಿಡಿಸಲು ನಿಂಬೆ ಉಪ್ಪು ಕರಗಿಸಿದ ನೀರು ತುಂಬಿ ಇಂಜಿನ್ ಓಡಿಸಿದರು. ಆರಲು ಬಿಟ್ಟು, ಹೊರಗೆ ಚೆಲ್ಲಿದರು. ಆಮೇಲೆ ನೀರನ್ನು ಉಲ್ಟಾ, ಬುಡದಿಂದ ಮೇಲಕ್ಕೆ ಬಿಟ್ಟಾಗ, ಗಂಟಲಲ್ಲಿ ಸಿಕ್ಕಿಕೊಂಡಿದ್ದ ಕಲ್ಲಿನ ಚೂರುಗಳೆಲ್ಲ ಕೆಮ್ಮಿದಂತೆ ಹಾರಿ ಅಪ್ಪನ ಅಂಗಿಗೆ ಬಡಿದವು. "ಚೆನ್ನಾಗಾಯ್ತು" ಎಂದಳು ಮಗಳು. ಅಜ್ಜಿ ಮಣೆ ಹಾಕಿಕೊಂಡು ರೇಡಿಯೇಟರಿನ ಮುಂದೆ ಕೂತು, ಸತ್ತ ಹುಳುಗಳನ್ನು ಬ್ರಶ್ಶಿನಿಂದ ಉದುರಿಸಿ, ಸೊಟ್ಟಗಾಗಿದ್ದ ತೆಳು ತಗಡುಗಳನ್ನು ತನ್ನ ಹಳೇ ಬಾಚಣಿಗೆಯಿಂದ ನೆಟ್ಟಗೆ ಮಾಡತೊಡಗಿದಳು.

"ಮೆಲ್ಲಗೆ ಅಜ್ಜೀ, ಹರಿಯುತ್ತೆ."

"ನಿನ್ನ ತಲೆ ಸಿಕ್ಕು ಬಿಡಿಸಿದವಳು ನಾನು. ಬಾಯಿ ಮುಚ್ಚು."

ಕೊನೆಗೆ ನಲ್ಲಿಯಿಂದ ತಿಳಿನೀರು ಇಳಿಯಿತು. ಹೊಸ ಪೈಪು, ಹೊಸ ಪಟ್ಟಿ. ಬ್ಯಾಟರಿಗೆ ಹಾಕುವ ಶುದ್ಧ ನೀರಿಗೆ ಹಸಿರು ಕೂಲೆಂಟ್ ಬೆರೆಸಿ ತುಂಬಿದರು. ಮುಚ್ಚಳ ತೆರೆದೇ ಇಂಜಿನ್ ಓಡಿಸಿ, ಒಳಗಿನ ಗಾಳಿಯ ಗುಳ್ಳೆಗಳು ನಿಲ್ಲುವ ತನಕ ಕಾದು, ಮುಚ್ಚಳ ಬಿಗಿದರು.

ಭಾನುವಾರ ಅಜ್ಜಿ ಮುಂದಿನ ಸೀಟಿನಲ್ಲಿ ಚೊಂಬನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಸ್ಟೇರಿಂಗ್ ಹಿಡಿದಿದ್ದ ಮೊಮ್ಮಗಳು ಕಣ್ಣು ಕೆಕ್ಕರಿಸಿದಾಗ, "ಖಾಲಿ ಕಣೇ" ಎಂದು ಬೋರಲು ಮಾಡಿ ತೋರಿಸಿದಳು. ಅಪ್ಪ ಹಿಂದೆ ಕೂತ. ಪ್ರತಿ ಸಲ ಕಾರು ಕೂತುಬಿಡುತ್ತಿದ್ದ ತಿರುವು ಬಂತು. ಮೂವರ ಕಣ್ಣೂ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳಿನ ಮೇಲೆ. ಮುಳ್ಳು ಒಂಚೂರು ಏರಿ, ನಡುವಿಗೆ ಬಂದು, ಅಲ್ಲೇ ನಿಂತಿತು. ತಿರುವು ಹಿಂದೆ ಸರಿಯಿತು.

ಗೇಟಿನಲ್ಲಿ ಕೋಲೂರಿಕೊಂಡು ಚಿಕ್ಕಜ್ಜಿ ನಿಂತಿದ್ದಳು, ಕಾಲ ಬಳಿ ತುಂಬಿದ ಬಕೆಟ್ಟು. "ನಿನ್ನ ಪಾತ್ರೆಗೆ ನೀರು ಇಟ್ಟಿದೀನಿ ಕಣೇ" ಎಂದವಳು ಕಾರಿನ ಮೂಗಿನತ್ತ ಬಗ್ಗಿ ನೋಡಿದಳು. ಆವಿಯಿಲ್ಲ, ಬುಸುಗುಟ್ಟುವಿಕೆಯಿಲ್ಲ. ಕೋಲನ್ನು ನೆಲಕ್ಕೆ ಕುಟ್ಟಿದಳು. "ಇಷ್ಟು ವರ್ಷ ಬೇಕಾಯ್ತೇನೇ ನಿನಗೆ? ನಾನು ಗಂಟು ಕಟ್ಟೋ ದಿನವೇ ಬೇಕಾಯ್ತಾ?"

"ಬೈಯೋದಾದ್ರೆ ಒಳಗೆ ಕೂರಿಸಿ ಬೈ" ಎಂದ ಅಜ್ಜಿ ಕಾರಿನಿಂದ ಇಳಿದು, ಬಕೆಟ್ಟಿನಲ್ಲಿ ಚೊಂಬು ಮುಳುಗಿಸಿ, ನಿಂತಲ್ಲೇ ಗಟಗಟನೆ ಕುಡಿದಳು.