ಪತ್ರಿಯವರ ಸೀಸನ್ನು

ಎರಡು ಸಾವಿರದ ಏಳನೆಯ ಇಸವಿ, ದಸರೆ ಮುಗಿದು ನಾಲ್ಕನೆಯ ದಿನ, ಹೊತ್ತು ಮಾರುದ್ದ ಏರಿದಾಗ ಇದು ಶುರುವಾಯಿತು. ಗೋವಾದ ಕಾಣಕೋಣದ ಪಾಳೊಳೆ ದಂಡೆಯ ಮೇಲೆ ಶ್ಯಾಕುಗಳ, ಅಂದರೆ ಸೀಸನ್ನಿಗಷ್ಟೇ ಕಟ್ಟುವ ಹೋಟೆಲುಗಳ, ಬಿದಿರುಗಳು ಆಗಷ್ಟೇ ಎದ್ದು ನಿಂತಿದ್ದವು. ಮೇಲೆ ಹೊದಿಸುವ ತೆಂಗಿನ ಮಡಲು ಇನ್ನೂ ಉಸುಕಿನ ಮೇಲೆ ಬಿದ್ದಿದ್ದವು.

ಮಂಗಿಬಾಯಿ ಮಿಂಗೆಲ್ ಬಾಬನ ಶ್ಯಾಕಿಗೆ ಸೂರು ಬರುವ ಅಂಚಿಗೆ, ಇಪ್ಪತ್ತು ವರ್ಷದಿಂದ ಕೂಡುವ ಜಾಗದಲ್ಲೇ, ಬುಟ್ಟಿ ಇಳಿಸಿದಳು. ಮಡಲು ಹೊದಿಸಿದ ಮೇಲೆ ನಡು ಮಧ್ಯಾಹ್ನದಲ್ಲೂ ನೆರಳು ಉಳಿಯುವ ಜಾಗ ಆ ಕಡೆಗೆ ಅದೊಂದೇ. ಉಳಿದ ಲಂಬಾಣಿ ಹೆಂಗಸರು ಸರ, ಗೆಜ್ಜೆ, ಕಸೂತಿ ಚೀಲ ಹೊತ್ತು ಸುಡುವ ಉಸುಕಿನಲ್ಲಿ ಆ ತುದಿಯಿಂದ ಈ ತುದಿಗೆ ತಿರುಗುತ್ತಿದ್ದರು. ಮಂಗಿಬಾಯಿಯ ಮೊಣಕಾಲು ತಿರುಗುವುದನ್ನು ಬಿಟ್ಟು ಮೂರು ವರ್ಷವಾಗಿತ್ತು. ಆ ನೆರಳು ತಪ್ಪಿದರೆ ಬಿಜಾಪುರದ ಕಡೆಯ ತಾಂಡಾಕ್ಕೆ ಮರಳಿ, ಗೋಡೆಗೆ ಬೆನ್ನು ಹಚ್ಚಿ ಕೂಡುವುದೊಂದೇ ದಾರಿ. ಅದು ಅವಳಿಗೂ ಗೊತ್ತಿತ್ತು, ಮಿಂಗೆಲನಿಗೂ ಗೊತ್ತಿತ್ತು.

ಅವಳ ಬುಟ್ಟಿಯ ಮೇಲೆ ಒಂದು ಹಳೆಯ ಕೆಂಪು ಬಟ್ಟೆ ಹೊದ್ದಿರುತ್ತಿತ್ತು. ಅದು ಮಾರಾಟದ್ದಲ್ಲ. ಮಂಗಿಬಾಯಿಗೆ ಓದು ಬರಹ ಇಲ್ಲ. ಗೋವಾಕ್ಕೆ ಬಂದ ಒಂದೊಂದು ಸೀಸನ್ನಿಗೂ ಅದರಲ್ಲಿ ಒಂದೊಂದು ಗುರುತು ಹೊಲಿದಿದ್ದಳು. ಚಲೋ ನಡೆದ ಸೀಸನ್ನಿಗೆ ಕನ್ನಡಿ ಬಿಲ್ಲೆ, ಕೆಟ್ಟದ್ದಕ್ಕೆ ಬೋರಲು ಕವಡಿ. ಮೇ ತಿಂಗಳಲ್ಲಿ ಶ್ಯಾಕು ಬಿಚ್ಚಿದ ಮೇಲೆಯೇ ಸೂಜಿಗೆ ದಾರ. ಒಂದೇ ಒಂದು ಸಲ ಅವಸರ ಮಾಡಿದ್ದಳು. ಗಿರಾಕಿ ತುಂಬಿ ತುಳುಕುತ್ತಿದ್ದಾರೆಂದು ನಾತಾಳದ, ಅಂದರೆ ಕ್ರಿಸ್ಮಸ್ಸಿನ, ದಿನವೇ ಕನ್ನಡಿ ಹಚ್ಚಿದಳು. ಮರುದಿನ ಎಲ್ಲೋ ದೂರದಲ್ಲಿ ಸಮುದ್ರ ಉಕ್ಕಿ ಊರಿಗೆ ಊರೇ ತೊಳೆದು ಹೋದ ಸುದ್ದಿ ಬಂತು. ಇಲ್ಲಿ ಒಂದು ಹನಿ ನೀರು ಮೇಲೆ ಬರಲಿಲ್ಲ, ಆದರೆ ದಂಡೆ ಖಾಲಿಯಾಯಿತು. ಕನ್ನಡಿ ಬಿಚ್ಚಿ ಕವಡಿ ಹಚ್ಚಿದಳು. ಹಳೆಯ ಹೊಲಿಗೆಯ ತೂತುಗಳು ಮಾತ್ರ ಇನ್ನೂ ಕಾಣುತ್ತಿದ್ದವು.

ಆ ಬಟ್ಟೆಯ ಮೇಲೆ ಕಣ್ಣು ಬಿದ್ದದ್ದು ಅಮೇರಿಕದವನೊಬ್ಬನದು. ಐವತ್ತರ ಆಸುಪಾಸು, ಬಿಸಿಲಿಗೆ ಸುಲಿದ ಮೂಗು, ದೊಡ್ಡ ದನಿ. ಹೆಸರು ಕೀತ್. ದಂಡೆಯ ಹೆಂಗಸರ ಬಾಯಲ್ಲಿ ಎರಡೇ ದಿನಕ್ಕೆ ಕೀಟಪ್ಪ ಆದ. ಶ್ಯಾಕಿನ ಹಿಂದಿನ ನಾಲ್ಕು ಗುಡಿಸಲನ್ನು ತನಗೂ ತನ್ನ ಗೆಳೆಯರಿಗೂ ಫೆಬ್ರವರಿ ತನಕ ಹಿಡಿದಿದ್ದ. ಹೀಗಾಗಿ ಅವನು ಸೀನಿದರೂ ಮಿಂಗೆಲ್ ಎದ್ದು ನಿಲ್ಲುತ್ತಿದ್ದ.

ಬಟ್ಟೆಯ ಕಥೆ ಕೇಳಿ ಕೀತ್ ತೊಡೆ ಬಡಿದುಕೊಂಡು ಏನೋ ಹೇಳಿದ. ಮಂಗಿಬಾಯಿಯ ಮಗ ಬಾಲು ಅದೇ ಶ್ಯಾಕಿನಲ್ಲಿ ವೇಟರ್. ಅವನೇ ತನ್ನ ಯಾಡಿಗೆ, ಅಂದರೆ ಅವ್ವನಿಗೆ, ತಿಳಿಸಿ ಹೇಳಿದ.

"ಯಾಡಿ, ಇವರದೂ ಒಂದು ಸೀಸನ್ ನಡದೈತಂತ. ಪರ್ಫೆಕ್ಟ್ ಸೀಸನ್. ಒಂದೂ ಕವಡಿ ಇಲ್ಲದ್ದು. ಇಂಥದೇ ಬಟ್ಟಿ ಹೊಲದು ಕೊಡು ಅಂತಾರ."

"ಶ್ಯಾಕಿಗೆ ಇನ್ನೂ ಮಡಲ ಹೊದಿಸಿಲ್ಲ. ಸೀಸನ್ ಚಲೋ ಅಂತ ಈಗ ಹೆಂಗ ಗೊತ್ತಾತು ಇವಗ?"

"ನಮ್ಮ ಸೀಸನ್ ಅಲ್ಲ ಯಾಡಿ. ಚೆಂಡಾಟದ ಸೀಸನ್. ಇವರ ತಂಡದ ಹೆಸರು ಪೇಟ್ರಿಯಟ್ಸ್."

"ಪತ್ರಿ? ಮಹಾದೇವಗ ಏರಸೂ ಪತ್ರಿ?"

"ಅಲ್ಲ," ಎಂದ ಬಾಲು. ಆದರೆ ಹೆಸರು ಅಷ್ಟೊತ್ತಿಗೆ ಅಂಟಿಕೊಂಡಿತ್ತು. ಸೊಸೆ ರೇಣು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಪತ್ರಿಯವರು ಆಗಲೇ ಏಳು ಆಟ ಗೆದ್ದಿದ್ದರು. ಆಗಿಹೋದದ್ದಕ್ಕೆ ಹೊಲಿಯಲು ಅಡ್ಡಿ ಇರಲಿಲ್ಲ. ನೀಲಿ ಬಟ್ಟೆ ತಂದು ಏಳು ಕನ್ನಡಿ ಹಚ್ಚಿದಳು. ಮುಂದೆ ಪ್ರತಿ ಸೋಮವಾರ ಮುಂಜಾನೆ ಕೀತ್ ಹತ್ತಿರದ ಪೇಟೆ ಚೌಡಿಯ ಸೈಬರ್ ಕೆಫೆಗೆ ಸ್ಕೂಟರ್ ಹೊಡೆದು, ಸುದ್ದಿ ಓದಿ, ದಂಡೆಯ ಆ ಕಡೆಯಿಂದಲೇ ಕೈ ಎತ್ತಿ ಕೂಗುತ್ತ ಬರುತ್ತಿದ್ದ. ಬಂದರೆ ಒಂದು ಕನ್ನಡಿ. ಆಟ ಗೆದ್ದವರು ಎಲ್ಲೋ ಏಳು ಸಮುದ್ರದಾಚೆ, ಎದೆ ಉಬ್ಬಿದ್ದು ಇವನದು. ಆ ಆಟಗಾರರ ಪೈಕಿ ಒಬ್ಬನಿಗಾದರೂ ಇವನ ಪರಿಚಯ ಇದೆಯೇ ಎಂದು ಮಂಗಿಬಾಯಿ ಒಮ್ಮೆ ಬಾಲುವನ್ನು ಕೇಳಿದ್ದಳು. ಇಲ್ಲವಂತೆ. ಹಾಗಾದರೆ 'ನಾವು ಗೆದ್ದಿವಿ' ಅಂತ ಯಾಕೆ ಅನ್ನುತ್ತಾನೆ ಎಂದು ಕೇಳಿದಳು. ಬಾಲು ಆಗಲೇ ಕೀತ್ ಕೊಟ್ಟ ನೀಲಿ ಅಂಗಿ ತೊಟ್ಟು ತಾನೂ 'ನಾವು' ಅನ್ನಲು ಕಲಿತಿದ್ದ.

ಒಂದು ದಿನ ಕೀತ್ ಲ್ಯಾಪ್‌ಟಾಪಿನಲ್ಲಿ ಹಳೆಯ ಆಟವೊಂದನ್ನು ಎಲ್ಲರಿಗೂ ತೋರಿಸಿದ. ಭುಜಕ್ಕೆ ಗಾದಿ ಕಟ್ಟಿಕೊಂಡ, ತಲೆಗೆ ಬೋಗಾಣಿ ಹಾಕಿಕೊಂಡ ಗಂಡಸರು ಎದುರಾಬದುರಾ ಕುಕ್ಕರಗಾಲಲ್ಲಿ ಕೂತರು, ಢಿಕ್ಕಿ ಹೊಡೆದರು, ರಾಶಿ ಬಿದ್ದರು, ಎದ್ದು ನಿಂತು ಬಹಳ ಹೊತ್ತು ಮಾತಾಡಿದರು. ಮತ್ತೆ ಕೂತರು.

ಮಿಂಗೆಲ್ ತರುಣನಾಗಿದ್ದಾಗ ಸಾಂಗೆಯ ತಂಡಕ್ಕೆ ಫುಟ್‌ಬಾಲ್ ಆಡಿದವ. ಕೀತ್‌ನ ಕಡೆ ಹಲ್ಲು ಕಿರಿದು "ಸುಪರ್, ಬಾಸ್" ಅಂದ. ಆಮೇಲೆ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೊಂಕಣಿಯಲ್ಲಿ ಹೇಳಿದ್ದು ಬೇರೆ.

"ಚೆಂಡನ್ನ ಕಂಕುಳಾಗ ಇಟ್ಟುಕೊಂಡು ಓಡ್ತಾರ, ಫುಟ್‌ಬಾಲ್ ಅಂತಾರ. ಫುಟ್ ಎಲ್ಲೈತಿ ಇದರಾಗ? ಸುಲಿಯದ ಕಾಯಿ ಕದ್ದವರ ಹಂಗ ಓಡ್ತಾರ."

"ಹಂಗಾದ್ರ ಅವನ ಮುಂದ ಹೇಳು ಬಾಬ," ಎಂದಳು ಮಂಗಿಬಾಯಿ ತಲೆ ಎತ್ತದೆ.

"ನಾಲ್ಕು ಗುಡಿಸಲ ಹಿಡದಾನ ಮಾವಶಿ."

ವರ್ಷ ಮುಗಿಯುವಾಗ ಹದಿನಾರು ಕನ್ನಡಿಯಾದವು. ಜನವರಿಯಲ್ಲಿ ಇನ್ನೆರಡು. ಹದಿನೆಂಟು ಆದ ಮೇಲೆ ಉಳಿದದ್ದು ಒಂದೇ ಆಟ, ಎಲ್ಲಕ್ಕೂ ದೊಡ್ಡದು. ಅದು ಇಲ್ಲಿಯ ಲೆಕ್ಕಕ್ಕೆ ಫೆಬ್ರವರಿ ನಾಲ್ಕರ ಸೋಮವಾರ ನಸುಕಿನಲ್ಲಿ. ಅದೇ ದಿನ ಊಟದ ಹೊತ್ತಿಗೆ ಕೀತ್ ಊರಿಗೆ ಹೊರಡುವವ. ಹಿಂದಿನ ಶುಕ್ರವಾರ ಬಂದು ಹೇಳಿದ: ಹತ್ತೊಂಬತ್ತನೆಯ ಕನ್ನಡಿ ಈಗಲೇ ಆಗಬೇಕು. ಆಟದ ಹೊತ್ತಿಗೆ ಬಟ್ಟೆ ಹೆಗಲ ಮೇಲೆ ಇರಬೇಕು, ಗೆದ್ದ ಕೂಡಲೇ ಫೋಟೋ ತೆಗೆಸಬೇಕು.

"ಆಟ ಮುಗೀಲಿ," ಎಂದಳು ಮಂಗಿಬಾಯಿ. "ಒಂದು ಬಿಲ್ಲಿ ಹಚ್ಚಾಕ ಚಾ ಕುಡಿಯೂವಷ್ಟ ಹೊತ್ತು ಸಾಕು."

ಬಾಲು ಅದನ್ನು ಹೇಳಿದ. ಕೀತ್ ನಕ್ಕ. ತನ್ನವರನ್ನು ಸೋಲಿಸುವವರು ಇನ್ನೂ ಹುಟ್ಟಿಲ್ಲ ಅಂದ. ಅವಳು ತಲೆಯಾಡಿಸಿದಾಗ ನಗು ನಿಂತಿತು. ನೆಟ್ಟಗೆ ಮಿಂಗೆಲನ ಹತ್ತಿರ ಹೋದ. ಮುಂದಿನ ವರ್ಷ ಪಕ್ಕದ ಶ್ಯಾಕೂ ಚಲೋ ಇದೆ ಎಂಬಂಥ ಮಾತೇನೋ ಆಡಿರಬೇಕು.

ಮಿಂಗೆಲ್ ಬಂದು ಬುಟ್ಟಿಯ ಎದುರು ಕೂತ. "ಮಾವಶಿ, ಒಂದು ತುಣುಕು ಕನ್ನಡಿ. ನಿನಗೇನು ಭಾರ?"

"ಇನ್ನೂ ಆಗಲಾರದ್ದು ಹೊಲಿಯಂಗಿಲ್ಲ ಬಾಬ. ನಿನಗ ಗೊತ್ತೈತಿ."

"ಅದು ನಿನ್ನ ಬಟ್ಟಿಗೆ. ಇದು ಅವನ ಬಟ್ಟಿ."

"ಸೂಜಿ ನಂದು."

ಮಿಂಗೆಲ್ ನೆಲ ನೋಡಿದ. "ಹಂಗಾದ್ರ ಸೋಮವಾರದ ತನಕ ಬುಟ್ಟಿ ಆ ಕಡೆ ಇಟ್ಟುಕೋ. ಅವನ ಕಣ್ಣಿಗೆ ಬೀಳಬ್ಯಾಡ. ಸೋಮವಾರ ಮುಗದ ಮ್ಯಾಲೆ ನೋಡೂಣು."

ನೋಡೂಣು ಅಂದರೆ ಏನೆಂದು ಅವಳಿಗೆ ತಿಳಿಯದೆ ಇರಲಿಲ್ಲ. ಎರಡೂ ಕೈ ನೆಲಕ್ಕೂರಿ ಎದ್ದಳು. ಇಪ್ಪತ್ತು ವರ್ಷದ ಜಾಗದಿಂದ ಬುಟ್ಟಿ ತೆಗೆದಾಗ ಉಸುಕಿನಲ್ಲಿ ದುಂಡನೆಯ ಗುಳಿ ಉಳಿಯಿತು.

ಶನಿವಾರ ಕಾರ್ನಿವಲ್ ಶುರುವಾಯಿತು. ಬಣ್ಣ ಬಳಿದುಕೊಂಡ ಹುಡುಗರು ಡೋಲು ಬಡಿಯುತ್ತ ಹೋದರು. ಮಂಗಿಬಾಯಿ ಬಿಸಿಲಲ್ಲಿ, ತಲೆಯ ಮೇಲೆ ಸೆರಗು ಎಳೆದುಕೊಂಡು ಕೂತಿದ್ದಳು. ಬಾಲು ಎರಡು ಸಲ ಬಂದ.

"ಹಚ್ಚಿಬಿಡ ಯಾಡಿ. ಮಿಂಗೆಲ್ ಬಾಬ ಕೇಕ್ ಸುದ್ದಾ ಮಾಡಿಸ್ಯಾನ. ಮ್ಯಾಲೆ ಹತ್ತೊಂಬತ್ತು-ಸೊನ್ನಿ ಅಂತ ಕ್ರೀಮಿನಾಗ ಬರಿಸ್ಯಾನ."

"ಆತಲ್ಲ, ಅದನ್ನ ಹೆಗಲಿಗೆ ಹಾಕಿಕೊಳ್ಳಲಿ."

ಅವನು ರೇಣುವಿನ ಕಡೆ ತಿರುಗಿದ. "ನೀನರೆ ಹಚ್ಚು."

"ಅತ್ತಿ ಹಿಡದ ಬಟ್ಟಿಗೆ ನಾ ಸೂಜಿ ಹಚ್ಚಂಗಿಲ್ಲ," ಎಂದಳು ರೇಣು. "ನೀವು ಆ ಅಂಗಿ ಒಗಿಯಾಕ ಹಾಕ್ರಿ ಮೊದಲ. ನಾತಾಳದಿಂದ ಮೈಮ್ಯಾಲ ಐತಿ."

ಸೋಮವಾರ ಐದು ಗಂಟೆಗೆ ಟಿವಿ ಹಚ್ಚಿದರು. ಮಂಗಿಬಾಯಿ ಬರುವಾಗ ಬೆಳಕು ಹರಿದಿತ್ತು. ದೂರದಲ್ಲೇ ಬುಟ್ಟಿ ಇಳಿಸಿ ಕೂತಳು. ಕೂಗು ಇಲ್ಲಿಯ ತನಕ ಕೇಳುತ್ತಿತ್ತು. ಎಂಟರ ಹೊತ್ತಿಗೆ ಕೀತ್‌ನ ದನಿ ದಂಡೆ ತುಂಬ ಆಯಿತು: ಪತ್ರಿಯವರು ಮುಂದಿದ್ದರು. ಬಾಲು ಓಡಿ ಬಂದು, "ಇನ್ನೇನ ಮುಗೀತು ಯಾಡಿ, ದಾರಾ ಪೋಣಿಸು," ಎಂದು ಹಾಗೆಯೇ ಓಡಿದ. ಅವಳು ದಾರ ಪೋಣಿಸಿದಳು. ಕನ್ನಡಿ ಒಂದು ಮೊಣಕಾಲ ಮೇಲೆ, ಕವಡಿ ಒಂದು ಮತ್ತೊಂದರ ಮೇಲೆ ಇಟ್ಟುಕೊಂಡಳು.

ಆಮೇಲೆ ಸದ್ದು ನಿಂತಿತು. ಅಷ್ಟು ದೊಡ್ಡ ಗಂಟಲು ಅಷ್ಟು ಬೇಗ ಬತ್ತಿದ್ದನ್ನು ಅವಳು ಕೇಳಿರಲಿಲ್ಲ. ಅರ್ಧ ನಿಮಿಷದ ಆಟ ಉಳಿದಿದ್ದಾಗ ನ್ಯೂಯಾರ್ಕಿನವರು ಚೆಂಡು ಹಿಡಿದು ಗೆರೆ ದಾಟಿದರಂತೆ. ಹದಿನೇಳು-ಹದಿನಾಲ್ಕು. ಮುಗಿಯಿತು. ಅಡಿಗೆಮನೆಯಿಂದ ಯಾರೋ ಕಿಸಕ್ಕನೆ ನಕ್ಕರು. ಮಿಂಗೆಲನೇ ಇರಬೇಕು.

ಕೀತ್ ಹೊರಗೆ ಬರುವಷ್ಟರಲ್ಲಿ ಮಂಗಿಬಾಯಿ ಕವಡಿಗೆ ಗಂಟು ಹಾಕಿ ದಾರ ಕಡಿದಿದ್ದಳು. ಬಟ್ಟೆ ಮಡಚಿ ಎರಡೂ ಕೈಯಲ್ಲಿ ನೀಡಿದಳು. ಅದರಲ್ಲಿ ಕುಚೋದ್ಯ ಇರಲಿಲ್ಲ. ಒಪ್ಪಿಕೊಂಡ ಕೆಲಸ ಪೂರ್ತಿಯಾಗಿತ್ತು, ಅಷ್ಟೇ. ಹದಿನೆಂಟು ಕನ್ನಡಿ, ಕೊನೆಗೊಂದು ಬೋರಲು ಕವಡಿ.

ಕೀತ್ ಕವಡಿಯನ್ನು ನೋಡಿದ. ಮುಖ ಮೂಗಿಗಿಂತ ಕೆಂಪಾಯಿತು. ಮಾತಾಡಿದ್ದು ಉದ್ದವಿತ್ತು.

"ಏನಂತಾನ?" ಎಂದು ಕೇಳಿದಳು.

ಬಾಲು ಅಂಗಿಯ ಅಂಚು ಜಗ್ಗುತ್ತ ಹೇಳಿದ. "ನೀ ಕನ್ನಡಿ ಹಚ್ಚಲಿಲ್ಲಂತ ಸೋತರಂತ."

"ನನ್ನ ಸೂಜಿ ಅಲ್ಲೀ ತನಕ ಮುಟ್ಟತೈತೇನು? ಮತ್ತ?"

"ಬಟ್ಟಿ ಬ್ಯಾಡಂತ. ಈ ಸೀಸನ್ ನಡದೇ ಇಲ್ಲಂತ ತಿಳಕೋತಾನಂತ. ಕಡೀದು ಸೋತ ಮ್ಯಾಲೆ ಹದಿನೆಂಟು ಗೆದ್ದದ್ದು ಯಾತಕ್ಕೂ ಬರಂಗಿಲ್ಲಂತ."

ಮಂಗಿಬಾಯಿಗೆ ನಿಜವಾಗಿ ಸಿಟ್ಟು ಬಂದದ್ದು ಆಗ. ಬಿಸಿಲಿಗೆ ಕೂರಿಸಿದಾಗಲೂ ಬಂದಿರಲಿಲ್ಲ. ಬುಟ್ಟಿಯ ಮೇಲಿನ ಕೆಂಪು ಬಟ್ಟೆ ಎಳೆದು ಅವನ ಕಾಲ ಮುಂದೆ ಹರವಿದಳು.

"ಹೇಳು ಅವಗ. ಇಪ್ಪತ್ತು ಸೀಸನ್ ಅದಾವ ಇದರಾಗ. ಹನ್ನೊಂದು ಕನ್ನಡಿ, ಒಂಬತ್ತು ಕವಡಿ. ಒಂಬತ್ತು ಸಲ ಸೋತು ಮತ್ತ ದಸರೆಗೆ ಬಂದೇನಿ. ಅವ ಒಂದು ಆಟಾನೂ ಆಡಿಲ್ಲ, ಒಂದು ಸಲ ಸೋತದ್ದಕ್ಕ ಇಡೀ ವರ್ಷ ಉಸುಕಿಗೆ ಒಗ್ಯಾಕತ್ತಾನ. ಇಂಥಾವಗ ಬಟ್ಟಿ ಹೊಲದದ್ದು ನನ್ನ ತಪ್ಪು."

ಬಾಲು ಹೇಳಲಿಲ್ಲ. ಹೇಳುವಷ್ಟು ಇಂಗ್ಲೀಷು ಅವನಿಗಿರಲಿಲ್ಲ, ಇದ್ದರೂ ಧೈರ್ಯವಿರಲಿಲ್ಲ. ಕೀತ್ ನೀಲಿ ಬಟ್ಟೆಯನ್ನು ಅಲ್ಲೇ ಬಿಟ್ಟು ಗುಡಿಸಲ ಕಡೆ ನಡೆದ. ಅವನ ಗೆಳೆಯರಿಬ್ಬರು ಅವನ ಬೆನ್ನ ಹಿಂದೆ ಮುಖ ತಿರುಗಿಸಿ ನಗುತ್ತಿದ್ದರು. ಅವರಿಗೂ ಅಕ್ಟೋಬರಿನಿಂದ ಆ ಕೂಗು ಸಾಕಾಗಿತ್ತು ಎಂಬುದು ಆಗ ತಿಳಿಯಿತು. ಮುಂದಿನ ವರ್ಷಕ್ಕೆ ಗುಡಿಸಲು ತಮಗೇ ಇರಲಿ ಎಂದು ಮಿಂಗೆಲನಿಗೆ ಹೇಳಿದವರೂ ಅವರೇ.

ಅಷ್ಟು ಕೇಳಿದ ಮೇಲೆ ಮಿಂಗೆಲನಿಗೆ ನೆಲ ಮತ್ತೆ ಗಟ್ಟಿಯಾಯಿತು. ಉಸುಕು ದಾಟಿ ಬಂದ.

"ಮಾವಶಿ, ಬಿಸಿಲಾಗ ಯಾಕ ಕೂತಿ? ನಿನ್ನ ಜಾಗಕ್ಕ ಬಾ."

"ಮೊಣಕಾಲ ಏಳಂಗಿಲ್ಲ ಬಾಬ. ಬುಟ್ಟಿ ಭಾರ ಐತಿ."

ಮಿಂಗೆಲ್ ಸುತ್ತ ನೋಡಿದ. ದಂಡೆಯ ಹೆಂಗಸರೆಲ್ಲ ನಿಂತು ನೋಡುತ್ತಿದ್ದರು. ಬಾಲು ಮುಂದೆ ಬರಲು ಹೋದ; ರೇಣು ಅವನ ಅಂಗಿ ಹಿಡಿದು ನಿಲ್ಲಿಸಿದಳು. ಕೊನೆಗೆ ಶ್ಯಾಕಿನ ಮಾಲೀಕನೇ ಬುಟ್ಟಿ ತಲೆಯ ಮೇಲೆ ಹೊತ್ತು ನಡೆದ, ಸರಗಳು ಕಿವಿಗೆ ಬಡಿಯುತ್ತ. ಕಾರ್ನಿವಲ್ಲಿನ ಹುಡುಗರು ಅದೂ ಒಂದು ವೇಷವೆಂದು ತಿಳಿದು ಡೋಲು ಬಾರಿಸಿದರು. ಮಂಗಿಬಾಯಿ ಹಿಂದಿನಿಂದ ನಿಧಾನ ಬಂದು, ಹಳೆಯ ಗುಳಿಯನ್ನು ಬೆರಳಿಂದ ತೋರಿಸಿ, ಅಲ್ಲೇ ಇಳಿಸಲು ಹೇಳಿದಳು.

ಕೇಕಿನ ಮೇಲಿನ ಅಂಕಿಗಳನ್ನು ಮಿಂಗೆಲ್ ಚಾಕುವಿನಿಂದ ಸವರಿ, ಕಾರ್ನಿವಲ್ ಕೇಕ್ ಎಂದು ಮಧ್ಯಾಹ್ನದ ಗಿರಾಕಿಗಳಿಗೆ ಕೊಟ್ಟ. ನೀಲಿ ಬಟ್ಟೆಯನ್ನು ರೇಣು ಉಸುಕು ಝಾಡಿಸಿ ತಂದಳು. ಮಂಗಿಬಾಯಿ ಅದರಿಂದ ಒಂದು ಹೊಲಿಗೆಯನ್ನೂ ಬಿಚ್ಚಲಿಲ್ಲ. ನಾಲ್ಕಾಗಿ ಮಡಚಿ ಮೊಣಕಾಲ ಕೆಳಗೆ ಇಟ್ಟುಕೊಂಡಳು, ಮೆತ್ತಗಿತ್ತು.

ಕೀತ್ ಅದೇ ಸೋಮವಾರ ಊಟದ ಹೊತ್ತಿಗೆ ಟ್ಯಾಕ್ಸಿ ಹತ್ತಿ ಹೋದ. ಕೆಂಪು ಬಟ್ಟೆಗೆ ಈ ಸೀಸನ್ನಿನ ಗುರುತು ಹಚ್ಚಲು, ಶ್ಯಾಕು ಬಿಚ್ಚುವ ಮೇ ತಿಂಗಳಿಗೆ, ಇನ್ನೂ ಮೂರು ತಿಂಗಳು ಇತ್ತು.