ಮುಖ ನೋಡುವ ಜೋಡಿ

ದರ್ಜಿಯ ಮಗಳು ಚಳಿಗಾಲದ ಚಾರಣಕ್ಕೆ ಹೆಸರು ಕೊಟ್ಟಿದ್ದು ಹಿಮ ನೋಡುವ ಆಸೆಯಿಂದಲ್ಲ. ಹಿಮದಲ್ಲಿ ಎಲ್ಲರೂ ಮುಖ ಮುಚ್ಚಿಕೊಂಡೇ ಇರುತ್ತಾರೆ ಎಂಬ ಲೆಕ್ಕಾಚಾರ ಅವಳದು. ಎಡಗೆನ್ನೆಯ ಮೇಲೆ ಕಣ್ಣಿನ ಕೆಳಗಿನಿಂದ ದವಡೆಯವರೆಗೆ ಹುಟ್ಟುಮಚ್ಚೆ, ಕೆಂಪು ಶಾಯಿ ಚೆಲ್ಲಿದ ಹಾಗೆ. ಹದಿನಾರು ವರ್ಷ ಅದನ್ನು ಕೂದಲಲ್ಲಿ, ಅಂಗೈಯಲ್ಲಿ ಬಚ್ಚಿಟ್ಟಿದ್ದೇ ಆಯಿತು. ಅಮ್ಮ ಅವಳಿಗೆ ಹೊಲಿಯುವ ಅಂಗಿಗಳಿಗೆಲ್ಲ ಕಾಲರು ಒಂದು ಬೆರಳು ಎತ್ತರ. ಯಾಕೆಂದು ಅಮ್ಮ ಹೇಳಿದವಳಲ್ಲ, ಮಗಳು ಕೇಳಿದವಳೂ ಅಲ್ಲ.

ಬಸ್ಸಿನಲ್ಲಿದ್ದ ಗುರುತಿಲ್ಲದ ಏಳು ಮಂದಿ ಹುಡುಗ ಹುಡುಗಿಯರು ಸಂಜೆಯೊಳಗೆ, ಮುಖಕ್ಕೆ ಸುತ್ತಿದ ಮಫ್ಲರು ಬಿಚ್ಚದ ಅವಳಿಗೆ 'ಮಫ್ಲರ್' ಎಂದೇ ಹೆಸರಿಟ್ಟರು. ಅವಳಿಗೆ ಸ್ವರ್ಗಕ್ಕೆ ಮೂರೇ ಗೇಣು. ಮಚ್ಚೆಯ ಹೆಸರಿಗಿಂತ ಬಟ್ಟೆಯ ಹೆಸರು ಎಷ್ಟೋ ವಾಸಿ.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಬೆಳಿಗ್ಗೆ ಬೆಟ್ಟದ ಬುಡದ ಮರದ ಮನೆಯಲ್ಲಿ, ಒಲೆಗೆ ಬೆನ್ನು ಕೊಟ್ಟು ನಿಂತ ಗೈಡಕ್ಕ ಶುರುಮಾಡಿದಳು.

"ತನ್ನ ಬೆನ್ನು ತನಗೆ ಕಾಣಲ್ಲ ಅಂತಾರಲ್ಲ, ಇಲ್ಲಿ ಮುಖಾನೂ ಕಾಣಲ್ಲ. ಈ ಗಾಳೀಲಿ ಮೂಗು, ಕೆನ್ನೆ ಮರಗಟ್ಟಿದ್ರೆ ನೋವೇ ಗೊತ್ತಾಗಲ್ಲ. ಮೇಣದ ಥರ ಬೆಳ್ಳಗಾಗತ್ತೆ, ಅಷ್ಟೇ. ಅದಕ್ಕೇ ಇಬ್ಬಿಬ್ರು ಜೋಡಿ. ನಿಂತಲ್ಲೆಲ್ಲ ಮುಖ ಬಿಚ್ಚಿ ಜೋಡಿಗೆ ತೋರಿಸ್ಬೇಕು. ತೋರಿಸದೋರು ಅಡುಗೆಯವರ ಜೊತೆ ಇಲ್ಲೇ ಇರಿ, ಮೇಲೆ ಬರೋದು ಬೇಡ."

ಅವಳು ಮಫ್ಲರನ್ನು ಇನ್ನೊಂದು ಸುತ್ತು ಬಿಗಿದಳು. ಜೋಡಿಯಾಗಿ ಸಿಕ್ಕವನಾದರೂ ಎಂಥವನು? ಬಸ್ ಡ್ರೈವರ್ ಮಗ, ಅಡ್ಡಹೆಸರು ಹಾರ್ನ್. ಗುಟ್ಟು ಹೇಳಿದರೂ ಮೂರು ಬೀದಿಗೆ ಕೇಳಿಸುವ ಗಂಟಲು ಪುಣ್ಯಾತ್ಮನದು.

ಮೊದಲ ನಿಲುಗಡೆಯಲ್ಲಿ ಅವಳು ಬಲಗಡೆಯ ಅಂಚನ್ನು ಚೂರು ಸರಿಸಿ ತಕ್ಷಣ ಮುಚ್ಚಿಕೊಂಡಳು. ಹಾರ್ನ್ ಮಾತಿನ ಭರದಲ್ಲಿ, "ಸರಿ ಇದೆ, ಸರಿ ಇದೆ" ಎಂದುಬಿಟ್ಟ. ಅವಳು ಮಾತ್ರ ಅವನ ಮುಖವನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಜನ ತನ್ನನ್ನು ಹೇಗೆ ನೋಡುತ್ತಾರೆಂದು ನೋಡುತ್ತಲೇ ಬೆಳೆದವಳು, ಮುಖ ಓದುವುದು ಅವಳಿಗೆ ನೀರು ಕುಡಿದಷ್ಟು ಸುಲಭ.

ಬೆಟ್ಟದ ತುದಿ ಕಣ್ಣಿಗೆ ಕಾಣುತ್ತಿದ್ದಾಗ ಎರಡನೆಯ ನಿಲುಗಡೆ ಬಂತು. ಉಳಿದವರು ಗೈಡಕ್ಕನ ಜೊತೆ ಸ್ವಲ್ಪ ಮುಂದಿದ್ದರು. ಹಾರ್ನ್ ಮೂಗಿನ ತುದಿಯಲ್ಲಿ ಅಕ್ಕಿಕಾಳಿನಷ್ಟು ಬಿಳುಪು.

"ನಿನ್ನ ಮೂಗು ಬೆಳ್ಳಗಾಗಿದೆ."

"ನಂಗೇನೂ ಆಗ್ತಾನೇ ಇಲ್ವಲ್ಲ!"

"ಏನೂ ಆಗ್ತಿಲ್ಲ ಅನ್ನೋದೇ ತೊಂದ್ರೆ. ಗೈಡಕ್ಕನ್ನ ಕರೀತೀನಿ."

"ಏಯ್, ಕರೆದ್ರೆ ಕೆಳಗೆ ಕಳಿಸ್ತಾರೆ. ಮುಖಾನೇ ತೋರಿಸದೋಳು ನಂಗೆ ಬುದ್ಧಿ ಹೇಳ್ತೀಯಾ? ನಾನೇನು ನೋಡಿಲ್ವಾ ನಿನ್ನ ಆಟಾನ?" ಹಾರ್ನ್ ಮೊದಲ ಬಾರಿಗೆ ದನಿ ತಗ್ಗಿಸಿದ. "ನಿಂದು ನಾನು ಹೇಳಲ್ಲ, ನಂದು ನೀನು ಹೇಳ್ಬೇಡ. ಇಬ್ರೂ ಮೇಲೆ ಹೋಗೋಣ."

ವ್ಯಾಪಾರವೇನೋ ಚೆನ್ನಾಗಿತ್ತು. ತುದಿ ಮುಟ್ಟಬಹುದು, ಮಚ್ಚೆ ಮುಚ್ಚಿಯೇ ಇಳಿಯಬಹುದು. ಅವಳಿಗೆ ಆಸೆಯಾಯಿತು, ಸುಳ್ಳೇಕೆ. ಆದರೆ ಅವನು ಒಪ್ಪಂದ ಮಾತಾಡಿ ಮುಗಿಸುವಷ್ಟರಲ್ಲಿ ಅಕ್ಕಿಕಾಳು ಅವರೆಕಾಳಾಗಿತ್ತು. ಅವನ ಮೂಗು ಅವನಿಗೆ ಕಾಣದು. ಕಾಣುತ್ತಿದ್ದುದು ಅವಳಿಗೊಬ್ಬಳಿಗೇ.

ಉಸಿರಿನ ತೇವಕ್ಕೆ ರಟ್ಟಿನಂತಾಗಿದ್ದ ಮಫ್ಲರನ್ನು ಅವಳು ಕಿತ್ತು ತೆಗೆದಳು. ಗಾಳಿ ಕೆನ್ನೆಗೆ ಬಾರಿಸಿತು.

"ನೋಡು, ಪೂರ್ತಿ ನೋಡು. ಆಯ್ತಾ? ಈಗ ಸುಮ್ನೆ ನನ್ನ ಮಾತು ಕೇಳು."

ಅವಳು ಕೈಗವಸು ಕಳಚಿ ಬೆಚ್ಚನೆಯ ಅಂಗೈಯನ್ನು ಅವನ ಮೂಗಿನ ಮೇಲಿಟ್ಟಳು. ಉಜ್ಜಲಿಲ್ಲ, ಉಜ್ಜಬಾರದೆಂದು ಗೈಡಕ್ಕ ಹೇಳಿದ್ದಳು. ಕೊಂಚ ಹೊತ್ತಿಗೆ, "ಅಯ್ಯಯ್ಯಪ್ಪಾ, ಉರಿ!" ಎಂದು ಅವನು ಬೊಬ್ಬೆ ಹೊಡೆದ ರಭಸಕ್ಕೆ ಗೈಡಕ್ಕ ಬಿದ್ದಂಬೀಳ ಓಡಿಬಂದಳು.

ದರ್ಜಿಯ ಮಗಳು ನಡೆದದ್ದನ್ನು ಹೇಳಿದಳು, ತನ್ನ ಕಳ್ಳಾಟವನ್ನೂ ಸೇರಿಸಿ. ಗೈಡಕ್ಕ ಇಬ್ಬರ ಮುಖವನ್ನೂ ಪರೀಕ್ಷಿಸಿದಳು.

"ಉರಿ ಬಂತು ಅಂದ್ರೆ ಮೂಗು ಉಳೀತು. ಇವನು ಮುಂದೆ ಬರ್ಬೋದಾ? ನೀನು ಹೇಳು, ನೋಡಿದೋಳು ನೀನು."

"ಬರ್ಲಿ. ಮೂಗು ಮುಚ್ಕೊಂಡು ಬರ್ಲಿ. ಒಂದೊಂದು ತಿರುವಲ್ಲೂ ನಾನು ನೋಡ್ತೀನಿ."

ಗೈಡಕ್ಕ ತಲೆಯಾಡಿಸಿ ಮುಂದೆ ಹೋದಳು. ಹಾರ್ನ್ ಹೊರಡಲಿಲ್ಲ. "ತಡಿ, ನಿಂದು ನಾನಿನ್ನೂ ಸರಿಯಾಗಿ ನೋಡಿಲ್ಲ" ಎಂದು ಹತ್ತಿರ ಬಂದು ಎಡಗೆನ್ನೆಯನ್ನು ದಿಟ್ಟಿಸಿದ.

"ಇದು ಯಾವಾಗ್ಲೂ ಇದೇ ಬಣ್ಣಾನಾ?"

ನೆಂಟರು 'ಪಾಪ' ಅಂದಿದ್ದರು, ಸಹಪಾಠಿಗಳು ಕಣ್ಣು ತಪ್ಪಿಸಿದ್ದರು. ಹೀಗೆ ನೆಟ್ಟಗೆ ಕೇಳಿದವರು ಇವನೊಬ್ಬನೇ.

"ಚಳಿಗೆ ಸ್ವಲ್ಪ ಜಾಸ್ತಿ ಕೆಂಪಾಗತ್ತೆ."

"ಕೆಂಪಿದ್ರೆ ಒಳ್ಳೇದೇ. ಬೆಳ್ಳಗಾದ್ರೆ ಹೇಳ್ತೀನಿ." ಅಷ್ಟಕ್ಕೇ ಬಿಟ್ಟರೆ ಅವನು ಹಾರ್ನ್ ಹೇಗಾದಾನು? ಬೆಟ್ಟಕ್ಕೆಲ್ಲ ಕೇಳುವಂತೆ ಕೂಗಿದ: "ಗೈಡಕ್ಕಾ! ಮಫ್ಲರ್ ಕೆನ್ನೆ ಕೆಂಪಗೇ ಇದೆ, ಏನೂ ಚಿಂತೆ ಇಲ್ಲ!"

ಮೇಲಿದ್ದವರೆಲ್ಲ ಒಟ್ಟಿಗೆ ತಿರುಗಿ ನೋಡಿದರು. ಅವಳು ಬರಿಮುಖದಲ್ಲಿ ಹತ್ತಿ ಅವರ ಬಳಿ ಬಂದು, ಒಬ್ಬೊಬ್ಬರ ಮುಖವನ್ನೂ ಸಾವಕಾಶವಾಗಿ ನೋಡಿದಳು.

"ಏಯ್ ಹಸಿರು ಟೋಪಿ," ಎಂದಳು, "ನಿನ್ನ ಬಲಗೆನ್ನೆ ಬೆಳ್ಳಗಾಗಿದೆ. ಬೇಗ ಕೈ ಇಡು."