ಇಪ್ಪತ್ತು ಜಾಮ್ ಬಾಟಲಿಗಳ ಸಾಕ್ಷಿ

ನಮ್ಮ ಬಂದರಿನ ಮೀನುದೋಣಿಗಳ ಕ್ಯಾಪ್ಟನ್‌ಗಳು ಕೆಟ್ಟವರಲ್ಲ, ಆದರೆ ಮೀನು ಎಲ್ಲಿ ಸಿಕ್ಕಿತು ಎಂದು ಕೇಳಿದರೆ ಒಬ್ಬನೂ ನಿಜ ಹೇಳುವುದಿಲ್ಲ. ಪಾದ್ರಿಯ ಮುಂದೆ ಬೇರೆಲ್ಲ ಪಾಪ ಒಪ್ಪಿಕೊಂಡಾರು, ಇದನ್ನು ಮಾತ್ರ ಬಾಯಿ ಬಿಡರು. ನನ್ನ ಗಂಡ ಬೆಲ್ಮಿರೊ ನಲವತ್ತು ವರ್ಷ ನನ್ನ ಜೊತೆ ಸಂಸಾರ ಮಾಡಿಯೂ ನನಗೆ ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲವೆನ್ನಿ. ನಾನು ಹರಿದ ಬಲೆ ಸರಿಮಾಡುವವಳು.

ಹನ್ನೊಂದು ದೋಣಿಗಳ ಬಲೆಗಳೂ ನನ್ನ ಶೆಡ್ಡಿಗೇ ಬರುತ್ತಿದ್ದವು. ಗಂಟುಗಳ ಸಂದಿಯಲ್ಲಿ ಸಮುದ್ರದ ತಳ ಸಿಕ್ಕಿಕೊಂಡಿರುತ್ತಿತ್ತು. ಒಬ್ಬನ ಬಲೆಯಲ್ಲಿ ಕಪ್ಪು ಮರಳು, ಇನ್ನೊಬ್ಬನದರಲ್ಲಿ ಒಡೆದ ಚಿಪ್ಪು, ಮತ್ತೊಬ್ಬನದರಲ್ಲಿ ಹಳದಿ ಪಾಚಿ. ಯಾರು ಎಲ್ಲಿಗೆ ಹೋಗಿದ್ದನೆಂದು ನನಗೆ ಒಂದೇ ನೋಟಕ್ಕೆ ತಿಳಿಯುತ್ತಿತ್ತು. ಯಾರಿಗೂ ಹೇಳಲಿಲ್ಲ, ಅದು ನನ್ನ ಹೆಮ್ಮೆ. ಆದರೆ ಬಿಸಾಡಲು ಮನಸ್ಸು ಬರಲಿಲ್ಲ. ಸುಮ್ಮನೆ ಕುತೂಹಲಕ್ಕೆ, ವರ್ಷಕ್ಕೊಂದು ಜಾಮ್ ಬಾಟಲಿಯಲ್ಲಿ ಎಲ್ಲರ ಬಲೆಯದನ್ನೂ ಸ್ವಲ್ಪ ಸ್ವಲ್ಪ ಹಾಕಿ, ಮುಚ್ಚಳದ ಮೇಲೆ ಇಸವಿ ಬರೆದಿಡುತ್ತಿದ್ದೆ. ಅಂಥ ಬಾಟಲಿಗಳು ಇಪ್ಪತ್ತಾಗಿದ್ದವು.

ಆ ವರ್ಷ ಸರ್ಕಾರ ಒಂದೊಂದು ದೋಣಿ ಹಿಡಿಯಬಹುದಾದ ಕಾಡ್ ಮೀನಿನ ಕೋಟಾ ಕತ್ತರಿಸಿತು. ಇಡೀ ವರ್ಷಕ್ಕೆಂದು ಕೊಟ್ಟದ್ದನ್ನು ಬೆಲ್ಮಿರೊ ಆರು ದಿನದಲ್ಲಿ ಹಿಡಿದು ಮುಗಿಸಿದ. ಹೀಗೇ ಆದರೆ ಚಳಿಗಾಲಕ್ಕೆ ಮೊದಲು ನಮ್ಮ ದೋಣಿ ‘ದೋನಾ ಎಲ್ವಿರಾ’ವನ್ನು ಮಾರಬೇಕಾಗುತ್ತಿತ್ತು. ದೋಣಿಗೆ ಅವನು ಇಟ್ಟದ್ದು ತನ್ನ ತಾಯಿಯ ಹೆಸರು. ಆ ತಾಯಿ ತೀರಿಕೊಂಡಾಗಲೂ ನನ್ನ ಗಂಡ ಅಷ್ಟು ಮಂಕಾಗಿರಲಿಲ್ಲ. ಸಮುದ್ರದಲ್ಲಿ ಮೀನೇ ಇಲ್ಲ ಎಂದಿತು ಸರ್ಕಾರ. ಹಾಗಾದರೆ ನಮ್ಮ ಬಲೆಯಲ್ಲಿ ತುಂಬಿ ಬರುತ್ತಿರುವುದೇನು ಎಂದರು ಇವರು. ಹನ್ನೊಂದು ಕ್ಯಾಪ್ಟನ್‌ಗಳೂ ಸೇರಿ ದಾವೆ ಹೂಡಿದರು.

ನಮ್ಮ ವಕೀಲೆ ಹಾರ್ಟಿಗನ್, ಬಾಸ್ಟನ್ನಿನ ಚುರುಕು ಹುಡುಗಿ. ಅವಳು ಸರ್ಕಾರದಿಂದ ತರಿಸಿದ ನಕ್ಷೆಯನ್ನು ಮೇಜಿನ ಮೇಲೆ ಹರಡಿದಳು. ಪ್ರತಿ ವಸಂತದಲ್ಲಿ ಸರ್ಕಾರದ ಹಡಗು ಬಲೆ ಎಳೆದು ಮೀನು ಎಣಿಸಿದ ಜಾಗಗಳಿಗೆಲ್ಲ ಚುಕ್ಕೆ ಇಟ್ಟಿದ್ದರು. ಚುಕ್ಕೆಗಳೆಲ್ಲ ಗುಂಪುಗೂಡಿದ್ದದ್ದು ‘ವಿಧವೆಯ ಕೆಸರು’ ಎಂದು ನಾವು ಕರೆಯುವ ಜಾಗದಲ್ಲಿ. ಅಲ್ಲಿ ಏಡಿ ಕೂಡ ನಿಲ್ಲುವುದಿಲ್ಲ. ನಾವೆಲ್ಲ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಅವಳು ನಗಲಿಲ್ಲ. ಸರ್ಕಾರ ಆ ಜಾಗವನ್ನು ಆರಿಸಿದ್ದೇಕೆಂಬುದೂ ಕಾಗದದಲ್ಲಿತ್ತು. ಇಪ್ಪತ್ತು ವರ್ಷದಿಂದ ಹನ್ನೊಂದು ದೋಣಿಯವರೂ ಮೀನು ಸಿಕ್ಕಿದ್ದು ಅಲ್ಲೇ ಎಂದು ಸಹಿ ಹಾಕಿ ಬರೆದುಕೊಟ್ಟಿದ್ದರು.

ಸರ್ಕಾರದ ಫಾರಂನಲ್ಲಿ ಯಾವ ಸುಳ್ಳು ಬರೆಯಲಿ ಎಂದು ಪ್ರತಿಯೊಬ್ಬನೂ ಯೋಚಿಸಿದ್ದಾನೆ. ಯಾರಿಗೂ ನಷ್ಟವಾಗದ ಜಾಗ ಯಾವುದು? ಕೆಸರು. ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಎಲ್ಲರೂ ಅದನ್ನೇ ಬರೆದಿದ್ದರು. ಮಾಡಿದ್ದುಣ್ಣೋ ಮಹಾರಾಯ.

“ಹಾಗಾದ್ರೆ ನಿಜವಾಗ್ಲೂ ಎಲ್ಲಿ ಹಿಡಿದ್ರಿ?” ಎಂದಳು ಹಾರ್ಟಿಗನ್.

ಹನ್ನೊಂದು ಗಂಡಸರೂ ತಮ್ಮ ತಮ್ಮ ಬೂಟು ನೋಡಿಕೊಂಡರು. ಕೊನೆಗೆ, ನನ್ನ ಮಗಳ ದೀಕ್ಷಾಸ್ನಾನದಲ್ಲಿ ಜ್ಞಾನಪಿತನಾಗಿ ನಿಂತಿದ್ದ ಯುಸೇಬಿಯೊ ಬಾಯಿ ತೆರೆದ.

“ಬೆಲ್ಮಿರೊ ಅಣ್ಣ ಹಿರಿಯರು. ಅವರೇ ಶುರು ಮಾಡ್ಲಿ.”

“ನಿನ್ನ ವಿನಯಕ್ಕಿಷ್ಟು ಬೆಂಕಿ ಹಾಕ,” ಎಂದ ನನ್ನ ಗಂಡ.

ಆಗ ನಾನು ಬಾಟಲಿಗಳ ವಿಷಯ ಹೇಳಿದೆ. ಜಾಗದ ಹೆಸರು ಹೇಳುವುದೇ ಬೇಡ, ಅದು ಕೆಸರಲ್ಲ ಎಂದು ತೋರಿಸಿದರೆ ಸಾಕಲ್ಲ ಎಂದೆ. ಹಾರ್ಟಿಗನ್‌ಳ ಕಣ್ಣು ಅರಳಿತು. ಎಣಿಸಿದ್ದು ತಪ್ಪು ಜಾಗದಲ್ಲಿ ಎಂದಾದರೆ ಕೋಟಾ ಕಡಿತ ನಿಲ್ಲುವುದಿಲ್ಲ; ಸುಳ್ಳು ಬರೆದದ್ದಕ್ಕೆ ದಂಡ ಬಿದ್ದೀತು, ಆದರೆ ದೋಣಿ ಉಳಿಯುತ್ತದೆ ಎಂದಳು. ಮನೆಗೆ ಹೋಗುವ ದಾರಿಯುದ್ದಕ್ಕೂ ಬೆಲ್ಮಿರೊ ಸಿಡಿಮಿಡಿಗುಟ್ಟಿದ. ನಲವತ್ತು ವರ್ಷ ಮನೆಯಲ್ಲೇ ಗೂಢಚಾರಿಣಿಯನ್ನು ಸಾಕಿಕೊಂಡಿದ್ದೆನಲ್ಲ ಎಂಬುದು ಅವನ ಗೋಳು. ಸಾಕಿದ್ದು ಯಾರು ಯಾರನ್ನು ಎಂದು ಕೇಳಿದೆ.

ಕೋರ್ಟಿನಲ್ಲಿ ಮೊದಲ ಅರ್ಧ ಗಂಟೆ ನಮ್ಮದೇ. ಯಾವ ಬಾಟಲಿಯಲ್ಲೂ ಆ ಕೆಸರಿನ ಕಣವೂ ಇರಲಿಲ್ಲ. ನಾನು ಸಾಕ್ಷಿ ಕಟ್ಟೆಯಲ್ಲಿ ನಿಂತು, ಹೊಸ ಮದುಮಗಳ ಹಾಗೆ ಬೀಗುತ್ತಿದ್ದೆ.

ಆಮೇಲೆ ಸರ್ಕಾರದ ವಿಜ್ಞಾನಿ ವಿಟ್‌ಕಂಬ್ ಎದ್ದ. ಬಡಕಲು ಮನುಷ್ಯ. ಜಡ್ಜ್ ಮೇಡಂ ಅಪ್ಪಣೆ ಪಡೆದು ಬಾಟಲಿಗಳನ್ನು ಇಸವಿಯ ಪ್ರಕಾರ ಸಾಲಾಗಿ ಜೋಡಿಸಿದ. ಬಾಗಿ, ಈ ತುದಿಯಿಂದ ಆ ತುದಿಗೆ ಎರಡು ಸಲ ನಡೆದ. ನಿಜ ಹೇಳುತ್ತೇನೆ, ಅವನು ನನಗೆ ಇಷ್ಟವಾದ. ನಾನು ನೋಡುವ ಹಾಗೇ ನೋಡುತ್ತಿದ್ದ. ನಾನೂ ಅವನ ಕಣ್ಣಿನ ಜೊತೆಗೇ ನೋಡಿದೆ. ಕಪಾಟಿನಲ್ಲಿ ಹಿಂದೆ ಮುಂದೆ ತುರುಕಿದ್ದ ಬಾಟಲಿಗಳನ್ನು ನಾನು ಎಂದೂ ಹೀಗೆ ಸಾಲಾಗಿ ಇಟ್ಟಿರಲಿಲ್ಲ. ಮೊದಲ ಹದಿಮೂರರಲ್ಲಿ ಕಪ್ಪು, ಬಿಳಿ, ಹಳದಿ, ಬೂದು ಎಲ್ಲ ಇತ್ತು. ಕೊನೆಯ ಏಳರಲ್ಲಿ ಬರೀ ಕೆಂಪು ಹರಳು.

“ಅಮ್ಮಾ, ಈ ಕೆಂಪು ಹರಳು ಯಾರ ಬಲೇದು?”

ಪ್ರಮಾಣ ಮಾಡಿದ್ದೆನಲ್ಲ. “ಎಲ್ಲರದ್ದೂ,” ಎಂದೆ.

ಹನ್ನೊಂದು ಕತ್ತುಗಳು ಒಟ್ಟಿಗೆ ತಿರುಗಿದವು. ಕೆಂಪು ಹರಳು ಇರುವುದು ಸಮುದ್ರದಡಿಯ ಒಂದೇ ದಿಬ್ಬದಲ್ಲಿ; ಆ ದಿಬ್ಬ ತನಗೊಬ್ಬನಿಗೇ ಗೊತ್ತು ಎಂದು ಪ್ರತಿಯೊಬ್ಬನೂ ನಂಬಿದ್ದ. ‘ನೀವೂ ಅಲ್ಲೇನಾ?’ ಎಂದು ಯುಸೇಬಿಯೊ ಬೆಲ್ಮಿರೊನಿಗೆ ಪಿಸುಗುಟ್ಟಿದ್ದು ಜಡ್ಜ್‌ಗೂ ಕೇಳಿಸಿ, ಅವರೂ ನಕ್ಕರು. ವಿಟ್‌ಕಂಬ್ ನಗಲಿಲ್ಲ. ಜಾಗದ ಹೆಸರು ತನಗೆ ಬೇಡ ಎಂದ. ಹನ್ನೊಂದು ದೋಣಿಯವರೂ ಉಳಿದ ಜಾಗಗಳನ್ನೆಲ್ಲ ಬಿಟ್ಟದ್ದೇಕೆ, ಅಷ್ಟು ಹೇಳಿದರೆ ಸಾಕು ಎಂದ.

ಉತ್ತರ ಹೇಳಲು ಬೆಲ್ಮಿರೊನನ್ನು ಕರೆದರು. ಅವನು ಬೈಬಲ್ ಮೇಲೆ ಕೈಯಿಟ್ಟ. ಜೀವಮಾನವೆಲ್ಲ ಈ ಒಂದು ಪ್ರಶ್ನೆಗೆ ಸುಳ್ಳು ಹೇಳಿದವನು. ಅಂದೂ ಹೇಳಬಹುದಿತ್ತು, ಹೇಳಲಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಅವನು ಮೊದಲ ಬಾಟಲಿಯಿಂದ ಕೊನೆಯದರವರೆಗೆ ನೋಡಿ, ಜಡ್ಜ್ ಕಡೆ ತಿರುಗಿದ.

“ಬೇರೆ ಕಡೆ ಸಿಗ್ತಿಲ್ಲ, ಮೇಡಂ. ಏಳು ವರ್ಷ ಆಯ್ತು. ನನಗೊಬ್ಬನಿಗೆ ಸಿಗ್ತಿಲ್ಲ, ಉಳಿದವ್ರಿಗೆ ಸಿಗ್ತಿದೆ ಅಂದ್ಕೊಂಡಿದ್ದೆ.”

ಉಳಿದ ಹತ್ತು ಜನರ ಮುಖ ನೋಡಿದೆ. ಎಲ್ಲರೂ ಅಂದುಕೊಂಡಿದ್ದು ಅದನ್ನೇ. ಉಳಿದಿದ್ದ ಮೀನೆಲ್ಲ ಕೊನೆಯ ಒಂದು ದಿಬ್ಬಕ್ಕೆ ಬಂದು ಸೇರಿತ್ತು; ಅದಕ್ಕೇ ಬಲೆ ತುಂಬುತ್ತಿತ್ತು. ಕಪ್ಪು ಮರಳು ಬರುವುದು ನಿಂತ ವರ್ಷವೇ ನಾನು ಬಾಯಿ ಬಿಟ್ಟಿದ್ದರೆ ಏನಾಗುತ್ತಿತ್ತೋ. ಗುಟ್ಟು ಕಾಯುವ ಹೆಮ್ಮೆಯಲ್ಲಿ, ಅದೇಕೆ ನಿಂತಿತೆಂದು ನನ್ನನ್ನೂ ನಾನು ಕೇಳಿಕೊಂಡಿರಲಿಲ್ಲ. ನನಗೆ ನಾಚಿಕೆಯಾಯಿತು, ಈಗಲೂ ಆಗುತ್ತದೆ.

ದಾವೆ ಬಿದ್ದುಹೋಯಿತು. ಅಕ್ಟೋಬರಿನಲ್ಲಿ ‘ದೋನಾ ಎಲ್ವಿರಾ’ವನ್ನು ಉತ್ತರದ ಮೇನ್ ರಾಜ್ಯದ ಒಬ್ಬ ಕೊಂಡು, ಪ್ರವಾಸಿಗಳಿಗೆ ತಿಮಿಂಗಿಲ ತೋರಿಸಲು ಒಯ್ದ. ಅಂದು ಮಧ್ಯಾಹ್ನ ಬೆಲ್ಮಿರೊ ಮನೆಗೆ ಬಂದು ಊಟಕ್ಕೆ ಕುಳಿತ. ಬಿಸಿ ಸೂಪು ಬಡಿಸಿದೆ. ಚಮಚ ಮುಟ್ಟಲಿಲ್ಲ. ಎದ್ದು ಹೋಗಿ ಕಿಟಕಿ ಮುಚ್ಚಿ ಬಂದ, ನನ್ನ ಕಿವಿಯ ಹತ್ತಿರ ಬಗ್ಗಿದ.

“ಹಳೇ ದೀಪಸ್ತಂಭದಿಂದ ಪೂರ್ವಕ್ಕೆ, ಅರವತ್ತು ಮಾರು ಆಳದಲ್ಲಿ ಒಂದು ದಿಬ್ಬ ಇದೆ ಕಣೇ, ಜುಲ್ಮಿರಾ. ಯಾರಿಗೂ ಹೇಳ್ಬೇಡ.”

“ಹೌದಾ?” ಎಂದೆ, ಈಗ ತಾನೇ ಕೇಳಿದವಳ ಹಾಗೆ.